ಒಂದು ವಾಲ್ವ್‌ಗಾಗಿ ನಿಂತ ಟೊಯೊಟಾ: ಉತ್ಪಾದನಾ ಯೋಜನೆಯ ಒಂದು ಪ್ರಕರಣ

1997ರ ಫೆಬ್ರವರಿ 1, ಶನಿವಾರ. ಬೆಳಗಿನ ಜಾವ 4 ಗಂಟೆ 18 ನಿಮಿಷಕ್ಕೆ ಜಪಾನಿನ ಐಚಿ ಪ್ರಾಂತ್ಯದ ಕರಿಯಾದಲ್ಲಿರುವ ಐಸಿನ್ ಸೇಕಿ ಕಂಪನಿಯ ಒಂದನೇ ಕಾರ್ಖಾನೆಗೆ ಬೆಂಕಿ ಹೊತ್ತಿಕೊಂಡಿತು. ಬೆಳಗಾಗುವಷ್ಟರಲ್ಲಿ ಬ್ರೇಕ್ ಭಾಗಗಳನ್ನು ಮಾಡುವ ಲೈನುಗಳು ಸುಟ್ಟು ಹೋಗಿದ್ದವು. ಅವುಗಳಲ್ಲಿ ಒಂದು ಪ್ರೊಪೋರ್ಷನಿಂಗ್ ವಾಲ್ವ್‌ನ ಲೈನು. ಶಾಪ್ ಫ್ಲೋರಿನಲ್ಲಿ ಅದನ್ನು ಪಿ-ವಾಲ್ವ್ ಎನ್ನುತ್ತಾರೆ.

ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗುತ್ತದೆ. ಆ ಹೊತ್ತಿನಲ್ಲಿ ಹಿಂದಿನ ಬ್ರೇಕಿಗೂ ಮುಂದಿನಷ್ಟೇ ಒತ್ತಡ ಹೋದರೆ ಹಿಂಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಹಾಗಾಗದಂತೆ ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸುವುದು ಈ ವಾಲ್ವ್‌ನ ಕೆಲಸ. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ; ಆಗಿನ ಬೆಲೆ ಮಾದರಿಯನ್ನು ನೋಡಿಕೊಂಡು ಒಂದಕ್ಕೆ ಸುಮಾರು 770ರಿಂದ 1,400 ಯೆನ್. ಇದು ಇಲ್ಲದೆ ಕಾರು ಲೈನಿನಿಂದ ಹೊರಗೆ ಬರುವಂತಿಲ್ಲ.

ಟೊಯೊಟಾಗೆ ಬೇಕಾದ ಪಿ-ವಾಲ್ವ್‌ಗಳಲ್ಲಿ ಶೇ. 99ರಷ್ಟು ಐಸಿನ್‌ನಿಂದಲೇ ಬರುತ್ತಿತ್ತು. ಉಳಿದ ಒಂದು ಪಾಲು ನಿಶಿನ್ ಕೋಗ್ಯೋ ಎಂಬ ಕಂಪನಿಯದು. ಐಸಿನ್ ದಿನಕ್ಕೆ 32,500 ವಾಲ್ವ್ ಮಾಡುತ್ತಿತ್ತು, ಟೊಯೊಟಾ ಜಪಾನಿನಲ್ಲಿ ದಿನಕ್ಕೆ ಸುಮಾರು 15,500 ಗಾಡಿ ಕಟ್ಟುತ್ತಿತ್ತು. ಕಾರ್ಖಾನೆಯಿಂದ ಕಾರ್ಖಾನೆಗೆ ಹರಿಯುವ ದಾರಿಯಲ್ಲೆಲ್ಲ ಸೇರಿಸಿ ಲೆಕ್ಕ ಹಾಕಿದರೂ ಕೈಯಲ್ಲಿದ್ದದ್ದು ಎರಡು ಮೂರು ದಿನದ ಸ್ಟಾಕ್ ಮಾತ್ರ.

ಉತ್ಪಾದನಾ ಯೋಜನೆ ಓದುವವರಿಗೆ, ಅದರಲ್ಲೂ ಪೀಣ್ಯ, ಬೊಮ್ಮಸಂದ್ರ, ಹೊಸೂರಿನ ಕಡೆ ದೊಡ್ಡ ಗಾಡಿ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರಿಗೆ, ಇದಕ್ಕಿಂತ ಹತ್ತಿರದ ಪ್ರಕರಣ ನನಗೆ ಗೊತ್ತಿಲ್ಲ. ಸಾಮಾನ್ಯವಾಗಿ ಇದನ್ನು ಎರಡು ರೀತಿ ಹೇಳುತ್ತಾರೆ. ಒಬ್ಬರು "ನೋಡಿ, ಸ್ಟಾಕ್ ಇಟ್ಟುಕೊಳ್ಳದೆ ಹೋದರೆ ಹೀಗಾಗುತ್ತದೆ" ಎನ್ನುತ್ತಾರೆ. ಇನ್ನೊಬ್ಬರು "ನೋಡಿ, ಜಪಾನೀಯರ ಒಗ್ಗಟ್ಟು ಹೇಗಿದೆ" ಎನ್ನುತ್ತಾರೆ. ಎರಡೂ ನಿಜ. ಆದರೆ ನಾಳೆ ತನ್ನ ಶೆಡ್ಡಿನಲ್ಲಿ ಏನು ಮಾಡಬೇಕು ಎಂದು ಯೋಚಿಸುವವನಿಗೆ ಈ ಎರಡು ಮಾತು ಸಾಲವು.

ಮೊದಲಿದ್ದ ಏರ್ಪಾಡು

ಟೊಯೊಟಾದ ಎಂಜಿನಿಯರ್ ತೈಚಿ ಓನೊ ಅವರ ಕಾಲದಿಂದ ಟೊಯೊಟಾ ಕಟ್ಟಿಕೊಂಡು ಬಂದ ಪದ್ಧತಿಯಲ್ಲಿ ಮುಂದಿನ ಹಂತ ಕೇಳಿದಷ್ಟನ್ನು ಮಾತ್ರ, ಕೇಳಿದಾಗ ಮಾತ್ರ, ಹಿಂದಿನ ಹಂತ ಮಾಡಿ ಕೊಡಬೇಕು. ಕೇಳಿಕೆ ಹೋಗುವುದು ಕಾನ್‌ಬಾನ್ ಎಂಬ ಚೀಟಿಯ ಮೂಲಕ. ಹಣ ಉಳಿಸುವುದು ಇದರ ಒಂದು ಲಾಭ ಮಾತ್ರ. ಸ್ಟಾಕ್ ಕಡಿಮೆಯಿದ್ದರೆ ತಪ್ಪು ಮುಚ್ಚಿಕೊಳ್ಳುವುದಿಲ್ಲ. ಬೆಳಿಗ್ಗೆ ಕೊರೆದ ತೂತು ಓರೆಯಾಗಿದ್ದರೆ ಮಧ್ಯಾಹ್ನಕ್ಕೇ ಗೊತ್ತಾಗುತ್ತದೆ. ಗೋದಾಮಿನಲ್ಲಿ ತಿಂಗಳ ಮಾಲು ಪೇರಿಸಿಟ್ಟವನಿಗೆ ಅದು ಗೊತ್ತಾಗುವ ಹೊತ್ತಿಗೆ ಅಂಥದೇ ಓರೆ ತೂತಿನ ಸಾವಿರಾರು ಪೀಸ್ ತಯಾರಾಗಿರುತ್ತವೆ. ಈ ಲಾಭ ಬೆಂಕಿಗೆ ಮೊದಲೂ ನಿಜವಾಗಿತ್ತು, ಆಮೇಲೂ ನಿಜವಾಗಿಯೇ ಉಳಿಯಿತು.

ಒಂದೊಂದು ಭಾಗಕ್ಕೂ ಸಾಧ್ಯವಾದಷ್ಟು ಮಟ್ಟಿಗೆ ಇಬ್ಬರು ಪೂರೈಕೆದಾರರನ್ನು ಇಟ್ಟುಕೊಳ್ಳುವ ರೂಢಿ ಟೊಯೊಟಾದಲ್ಲಿತ್ತು. ಪಿ-ವಾಲ್ವ್ ವಿಷಯದಲ್ಲಿ ಅದು ಹೆಸರಿಗೆ ಮಾತ್ರ ಉಳಿದಿತ್ತು. ಕಾರಣ ಸರಳ: ಐಸಿನ್‌ನ ಮಾಲು ಚೆನ್ನಾಗಿತ್ತು, ಬೆಲೆ ಕಡಿಮೆಯಿತ್ತು, ಹೇಳಿದ ಹೊತ್ತಿಗೆ ಬರುತ್ತಿತ್ತು. ಐಸಿನ್ ಅಷ್ಟು ಅಗ್ಗವಾಗಿ ಕೊಡಲು ಸಾಧ್ಯವಾದದ್ದು ಒಂದೇ ಕಡೆ ದೊಡ್ಡ ಪ್ರಮಾಣದಲ್ಲಿ, ಅದೊಂದೇ ಕೆಲಸಕ್ಕೆಂದು ಮಾಡಿಸಿದ ಯಂತ್ರಗಳ ಮೇಲೆ ಮಾಡುತ್ತಿದ್ದುದರಿಂದ. ನಮ್ಮ ಕಡೆ ಎಸ್‌ಪಿಎಂ (ಸ್ಪೆಷಲ್ ಪರ್ಪಸ್ ಮಷಿನ್) ಎನ್ನುವ ಜಾತಿಯ ಯಂತ್ರಗಳು ಅವು. ಒಂದು ಸ್ಟೇಷನ್ನಿನಿಂದ ಮುಂದಿನ ಸ್ಟೇಷನ್ನಿಗೆ ಪೀಸ್ ತಾನೇ ಸರಿಯುತ್ತದೆ, ಎಲ್ಲ ಸ್ಪಿಂಡಲ್‌ಗಳೂ ಒಟ್ಟಿಗೆ ಇಳಿಯುತ್ತವೆ. ವೇಗಕ್ಕೆ ಎಣೆಯಿಲ್ಲ. ಆದರೆ ಅಂಗಡಿಗೆ ಹೋಗಿ ಕೊಳ್ಳಲು ಸಿಗುವ ಯಂತ್ರಗಳಲ್ಲ. ಸುಟ್ಟರೆ ಮತ್ತೆ ಮಾಡಿಸಲು ತಿಂಗಳುಗಳೇ ಬೇಕು.

ಹೀಗೆ ಒಂದೊಂದಾಗಿ ನೋಡಿದರೆ ಸರಿಯಾಗಿಯೇ ಇದ್ದ ಮೂರು ನಿರ್ಧಾರಗಳು ಒಂದೇ ಕಟ್ಟಡದೊಳಗೆ ಸೇರಿದ್ದವು: ಕಡಿಮೆ ಸ್ಟಾಕ್, ಒಬ್ಬನೇ ಪೂರೈಕೆದಾರ, ಬೇರೆ ಕೆಲಸಕ್ಕೆ ಬಾರದ ಯಂತ್ರ. ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ನೋಡುವ ಜವಾಬ್ದಾರಿ ಯಾರ ಪಾಲಿಗೂ ಬಂದಿರಲಿಲ್ಲ. ಖರೀದಿ ವಿಭಾಗ ಬೆಲೆ ನೋಡಿತು, ಉತ್ಪಾದನಾ ವಿಭಾಗ ಹರಿವು ನೋಡಿತು, ಐಸಿನ್‌ನ ಎಂಜಿನಿಯರುಗಳು ಸೈಕಲ್ ಟೈಮ್, ಅಂದರೆ ಒಂದು ಪೀಸ್‌ಗೆ ಹಿಡಿಯುವ ಸಮಯ, ನೋಡಿದರು.

ಬೆಂಕಿಯ ನಂತರದ ದಿನಗಳು

ಐಸಿನ್ ಬೆಳಗಾಗುವ ಮೊದಲೇ ತುರ್ತು ಕೋಣೆ ತೆರೆಯಿತು. ಹೆಚ್ಚುವರಿ ಫೋನ್ ಲೈನುಗಳು, ನೂರಾರು ಮೊಬೈಲ್ ಫೋನುಗಳು ಬಂದವು. ಟೊಯೊಟಾಗೆ, ತನ್ನದೇ ಪೂರೈಕೆದಾರರಿಗೆ, ಟೊಯೊಟಾ ಗುಂಪಿನ ಇತರ ಕಂಪನಿಗಳಿಗೆ ಕರೆ ಹೋಯಿತು. ಕೋರಿಕೆಯಲ್ಲಿ ಸುತ್ತುಬಳಸು ಇರಲಿಲ್ಲ: ಡ್ರಾಯಿಂಗ್ ಕೊಡುತ್ತೇವೆ, ನಿಮ್ಮಲ್ಲಿರುವ ಯಂತ್ರದ ಮೇಲೆ ಮಾಡಿಕೊಡಿ. ದರದ ಮಾತಿಲ್ಲ, ಕರಾರು ಪತ್ರವಿಲ್ಲ, ಡ್ರಾಯಿಂಗ್ ಯಾರ ಸೊತ್ತು ಎಂಬ ಚರ್ಚೆಯಿಲ್ಲ. ಎಲ್ಲವೂ ಆಮೇಲೆ.

ಸೋಮವಾರ, ಫೆಬ್ರವರಿ 3ರಂದು ಟೊಯೊಟಾದ 30 ಅಸೆಂಬ್ಲಿ ಲೈನುಗಳಲ್ಲಿ 20 ನಿಂತವು. ಮುಂದಿನ ಎರಡು ದಿನಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ನಿಂತವು. ಅವುಗಳ ಹಿಂದೆ ಸೀಟು, ಗಾಜು, ವೈರಿಂಗ್ ಹಾರ್ನೆಸ್ ಮಾಡುವ ನೂರಾರು ಪೂರೈಕೆದಾರರ ಕೆಲಸವೂ ನಿಂತಿತು. ಅವರ ಯಂತ್ರ ಸರಿಯಿತ್ತು, ಮಾಲು ಸರಿಯಿತ್ತು, ಆದರೆ ಕೇಳುವವರಿರಲಿಲ್ಲ.

ಮಾಡಿದ್ದು ಹೇಗೆ

ಈ ಪ್ರಕರಣದಲ್ಲಿ ನಿಧಾನವಾಗಿ ನೋಡಬೇಕಾದ ಭಾಗ ಇದು.

ಪಿ-ವಾಲ್ವ್‌ನ ಹೊರಮೈ ನೋಡಿದರೆ ಒಂದು ಲೋಹದ ಗಟ್ಟಿ, ಅದರಲ್ಲಿ ಕೆಲವು ತೂತು. ಕಷ್ಟವಿರುವುದು ಒಳಗೆ. ಬೇರೆ ಬೇರೆ ಕಡೆಯಿಂದ ಕೊರೆದ ತೂತುಗಳು ಒಳಗಡೆ ಒಂದನ್ನೊಂದು ಕೂಡಬೇಕು. ಕೆಲವು ಹಂತ ಹಂತವಾಗಿ ಕಿರಿದಾಗುತ್ತ ಹೋಗಬೇಕು. ಪಿಸ್ಟನ್ ಓಡಾಡುವ ಬೋರ್ ನಯವಾಗಿರಬೇಕು, ಅಳತೆ ಮೈಕ್ರಾನ್‌ಗಳ ಲೆಕ್ಕದಲ್ಲಿ ಸರಿಯಿರಬೇಕು. ಎರಡು ತೂತು ಕೂಡುವ ಜಾಗದಲ್ಲಿ ಬರ್ ನಿಂತಿದ್ದರೆ, ಅಂದರೆ ಕೊರೆದಾಗ ಎದ್ದ ಲೋಹದ ಚೂಪು ಅಂಚು ಉಳಿದುಬಿಟ್ಟರೆ, ಅದು ರಬ್ಬರ್ ಸೀಲನ್ನು ಸೀಳುತ್ತದೆ. ಹೊರಗಿನಿಂದ ಕಣ್ಣಿಗೆ ಕಾಣದು. ಬೆರಳು ಹೋಗದ ಜಾಗ. ಮಷಿನ್ ಶಾಪಿನಲ್ಲಿ ಕೆಲಸ ಮಾಡಿದ ಯಾರಿಗೇ ಆದರೂ ಈ ಅಡ್ಡತೂತಿನ ಬರ್ ತೆಗೆಯುವ ಕಾಟ ಗೊತ್ತು. ಮೇಲಾಗಿ ಇದು ಬ್ರೇಕ್ ಭಾಗ. ಇದರಲ್ಲಿ "ನಡೆಯುತ್ತೆ ಬಿಡಿ" ಎನ್ನುವಂತಿಲ್ಲ.

ಡ್ರಾಯಿಂಗ್ ಬಂತು. ಆದರೆ ಅದರಲ್ಲಿ ಇರುವುದು ಪೀಸ್ ಕೊನೆಗೆ ಹೇಗಿರಬೇಕು ಎಂಬುದು ಮಾತ್ರ. ಅಲ್ಲಿಗೆ ಹೋಗುವ ದಾರಿ ಅದರಲ್ಲಿಲ್ಲ. ಯಾವ ಮೈಯನ್ನು ಮೊದಲು ಹಿಡಿಯಬೇಕು, ಯಾವ ತೂತು ಮೊದಲು, ಯಾವ ಟೂಲ್, ಎಷ್ಟು ಸ್ಪೀಡು, ಎಲ್ಲಿ ಕೂಲೆಂಟ್ ಜಾಸ್ತಿ ಬೇಕು, ಇವನ್ನೆಲ್ಲ ಐಸಿನ್‌ನವರು ತಮ್ಮ ವಿಶೇಷ ಯಂತ್ರಗಳಿಗೆ ಹೊಂದಿಸಿ ಕಂಡುಕೊಂಡಿದ್ದರು. ಸಾಮಾನ್ಯ ಮಿಲ್ಲಿಂಗ್ ಮಷಿನ್ ಮುಂದೆ ನಿಂತವರು ಫೋನ್ ಮಾಡಿ ಕೇಳಿದರೆ ಐಸಿನ್‌ನ ಎಂಜಿನಿಯರುಗಳಿಗೂ ಉತ್ತರ ಗೊತ್ತಿರಲಿಲ್ಲ. ವರ್ಷಗಟ್ಟಲೆ ಲಕ್ಷಾಂತರ ವಾಲ್ವ್ ಮಾಡಿದವರಿಗೆ ಮಿಲ್ಲಿಂಗ್ ಮಷಿನ್ ಮೇಲೆ ಒಂದು ವಾಲ್ವ್ ಮಾಡುವ ಬಗೆ ತಿಳಿದಿರಲಿಲ್ಲ ಎಂಬುದು ಈ ಇಡೀ ಪ್ರಕರಣದಲ್ಲಿ ನನ್ನನ್ನು ಬಹಳವಾಗಿ ಕಾಡುವ ಸಂಗತಿ. ಅವರ ಜ್ಞಾನ ಯಂತ್ರದ ಜೊತೆ ಬೆಸೆದುಕೊಂಡಿತ್ತು. ಯಂತ್ರ ಸುಟ್ಟಾಗ ಅದರಲ್ಲಿ ದೊಡ್ಡ ಪಾಲೂ ಸುಟ್ಟಿತು.

ಹಾಗಾಗಿ ಕೈಹಾಕಿದ ಒಬ್ಬೊಬ್ಬರೂ ತಮ್ಮದೇ ದಾರಿ ಹುಡುಕಿಕೊಂಡರು. ಗುಂಪಿನ ದೊಡ್ಡ ಕಂಪನಿ ಡೆನ್ಸೊ ತನ್ನ ಮಾಮೂಲಿ ಕೆಲಸದ ಒಂದು ಪಾಲನ್ನು ಹೊರಗಿನವರಿಗೆ ಕೊಟ್ಟು ತನ್ನ ಎನ್‌ಸಿ ಯಂತ್ರಗಳನ್ನು (ಪ್ರೋಗ್ರಾಂ ಹೇಳಿದಂತೆ ತಾವೇ ಕೊರೆಯುವ ಯಂತ್ರಗಳು) ವಾಲ್ವ್‌ಗೆ ಬಿಡುಗಡೆ ಮಾಡಿಕೊಂಡಿತು. ಟೊಯೊಟಾ ತನ್ನ ಸ್ವಂತ ವರ್ಕ್‌ಶಾಪುಗಳಲ್ಲೂ ಕೆಲಸ ಹಚ್ಚಿತು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕಾರಿನ ಭಾಗ ಮಾಡಿದ್ದೇ ಇಲ್ಲ. ಅವರು ಒಂದು ಮಿಲ್ಲಿಂಗ್ ಮಷಿನ್ನನ್ನು ಹೊಂದಿಸಿಕೊಳ್ಳಲು ಸುಮಾರು 500 ಮಾನವ-ಗಂಟೆ ಖರ್ಚು ಮಾಡಿ ದಿನಕ್ಕೆ 40 ವಾಲ್ವ್ ತೆಗೆದರು.

ದಿನಕ್ಕೆ ನಲವತ್ತು. ಬೇಕಿದ್ದದ್ದು ಹತ್ತಾರು ಸಾವಿರ. ಮಾಮೂಲಿ ದಿನಗಳಲ್ಲಿ ಇಂಥ ಕೊಟೇಶನ್ ತಂದವನನ್ನು ಖರೀದಿ ವಿಭಾಗ ಬಾಗಿಲಿನಿಂದಲೇ ಕಳಿಸುತ್ತದೆ. ಆದರೆ ಲೈನ್ ನಿಂತಿರುವಾಗ ಒಂದು ವಾಲ್ವ್‌ನ ಬೆಲೆ ಸಾವಿರ ಯೆನ್ ಅಲ್ಲ, ಅದಿಲ್ಲದೆ ನಿಂತ ಕಾರಿನ ಬೆಲೆ. ನಲವತ್ತು ವಾಲ್ವ್ ಅಂದರೆ ನಲವತ್ತು ಕಾರು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತನ್ನು ಇಲ್ಲಿ ಅಕ್ಷರಶಃ ಯೋಜನೆಯಾಗಿ ಬಳಸಿದರು.

ಮೊದಲು ಗುರಿ ಮುಟ್ಟಿದ್ದು ದೊಡ್ಡವರಲ್ಲ. ಕ್ಯೋರಿತ್ಸು ಸಾಂಗ್ಯೋ ಎಂಬ ಸಣ್ಣ ಪೂರೈಕೆದಾರ ಸಂಸ್ಥೆ ಬೆಂಕಿ ಬಿದ್ದ 85 ಗಂಟೆಗಳೊಳಗೆ, ಗುಣಮಟ್ಟದ ಪರೀಕ್ಷೆ ಪಾಸಾದ ಮೊದಲ 1,000 ವಾಲ್ವ್‌ಗಳನ್ನು ಐಸಿನ್‌ಗೆ ತಲುಪಿಸಿತು. ಒಟ್ಟು 62 ಕಂಪನಿಗಳು ನೇರವಾಗಿ ವಾಲ್ವ್ ಮಾಡಿದವು. ಟೂಲ್, ಪೀಸ್ ಹಿಡಿದಿಡುವ ಫಿಕ್ಸ್ಚರ್, ಅಳತೆ ನೋಡುವ ಗೇಜ್, ಯಂತ್ರ, ಬಿಡಿ ಕೆಲಸ ಒದಗಿಸಿದ ಇನ್ನೂ 150ಕ್ಕೂ ಹೆಚ್ಚು ಸಂಸ್ಥೆಗಳು ಅವುಗಳ ಬೆನ್ನಿಗಿದ್ದವು. ಒಂದು ವಾರದ ಸುಮಾರಿಗೆ ಟೊಯೊಟಾದ ದಿನದ ಉತ್ಪಾದನೆ ಹಳೆಯ ಮಟ್ಟದ ಹತ್ತಿರ ಬಂತು.

ನಷ್ಟ ಸಣ್ಣದಲ್ಲ. ಸುಮಾರು 70,000 ಗಾಡಿಗಳ ಉತ್ಪಾದನೆ ಮುಂದೆ ಹೋಯಿತು, ಮಾರಾಟದ ಲೆಕ್ಕದಲ್ಲಿ ಅಂದಾಜು 16,000 ಕೋಟಿ ಯೆನ್. ಅದರಲ್ಲಿ ಬಹುಪಾಲನ್ನು ಮುಂದಿನ ತಿಂಗಳುಗಳಲ್ಲಿ ಓವರ್‌ಟೈಮ್ ಮಾಡಿ ತುಂಬಿಕೊಂಡರು. ಸಹಾಯಕ್ಕೆ ಬಂದವರ ಖರ್ಚನ್ನು ಐಸಿನ್ ಕೊಟ್ಟಿತು. ಟೊಯೊಟಾ ತನ್ನ ಮೊದಲ ಹಂತದ ಪೂರೈಕೆದಾರರಿಗೆ ಜನವರಿಯಿಂದ ಮಾರ್ಚ್‌ವರೆಗಿನ ಅವರ ಮಾರಾಟದ ಶೇ. 1ರಷ್ಟು ಹಣ ಕೊಟ್ಟಿತು. ಒಟ್ಟು 1,500 ಕೋಟಿ ಯೆನ್‌ಗೂ ಹೆಚ್ಚು. ಆ ಕಂಪನಿಗಳು ತಮ್ಮ ಕೆಳಗಿನವರಿಗೆ ಅದೇ ರೀತಿ ಹಂಚಿದವು. ಒಗ್ಗಟ್ಟಿನ ಕತೆ ಹೇಳುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ. ನಾನು ಹಾಗೆ ದಾಟಲಾರೆ. ಕರಾರಿಲ್ಲದೆ ಕೆಲಸಕ್ಕೆ ಇಳಿದವರಿಗೆ ಕೊನೆಗೆ ಹಣ ಬರುತ್ತದೆ ಎಂಬ ನಂಬಿಕೆ ಹಳೆಯ ವ್ಯವಹಾರಗಳಿಂದ ಹುಟ್ಟಿದ್ದು. ಬಿಲ್ಲನ್ನು ಆರಾರು ತಿಂಗಳು ತಡೆದು, ಸಣ್ಣ ರಿಜೆಕ್ಷನ್‌ಗೂ ಹಣ ಕಡಿಯುವ ಡೆಬಿಟ್ ನೋಟ್ ಕಳಿಸುವ ಗಿರಾಕಿಯ ಕಾರ್ಖಾನೆಗೆ ಬೆಂಕಿ ಬಿದ್ದರೆ ಎಷ್ಟು ಶೆಡ್‌ಗಳು ರಾತ್ರಿಯಿಡೀ ಮಷಿನ್ ಓಡಿಸುತ್ತವೆ?

ಸ್ಟಾಕ್ ಇಟ್ಟಿದ್ದರೆ?

ಲೆಕ್ಕ ಹಾಕಿ ನೋಡೋಣ. ಒಂದು ವಾಲ್ವ್‌ಗೆ ಸರಾಸರಿ ಸಾವಿರ ಯೆನ್ ಎಂದು ಹಿಡಿದರೆ ದಿನದ 32,500 ವಾಲ್ವ್‌ಗೆ 3.25 ಕೋಟಿ ಯೆನ್. ಹತ್ತು ದಿನದ ಸ್ಟಾಕ್ ಇಡಲು 32.5 ಕೋಟಿ. ಹದಿನಾರು ಸಾವಿರ ಕೋಟಿಯ ಪೆಟ್ಟಿನ ಮುಂದೆ ಇದು ಏನೂ ಅಲ್ಲ. ಮೇಲ್ನೋಟಕ್ಕೆ ತೀರ್ಮಾನ ಸುಲಭ.

ಆದರೆ ಕಾರಿನಲ್ಲಿ ಸಾವಿರಾರು ಬಿಡಿಭಾಗಗಳಿವೆ. ಬೆಂಕಿ ವಾಲ್ವ್ ಕಾರ್ಖಾನೆಗೇ ಬೀಳುತ್ತದೆ ಎಂದು ಜನವರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲದಕ್ಕೂ ಹತ್ತು ದಿನದ ಸ್ಟಾಕ್ ಇಡಲು ಹೊರಟರೆ ಹಣದ ಜೊತೆಗೆ ಜಾಗ ಬೇಕು, ಮಾಲು ನೋಡಿಕೊಳ್ಳುವ ಜನ ಬೇಕು, ತಪ್ಪು ತಡವಾಗಿ ಸಿಗುವ ನಷ್ಟವನ್ನೂ ಹೊರಬೇಕು. ಟೊಯೊಟಾ ಆ ದಾರಿ ಹಿಡಿಯಲಿಲ್ಲ. ಹಿಡಿಯದೆ ಇದ್ದದ್ದು ಸರಿ ಎಂಬುದು ನನ್ನ ಅಭಿಪ್ರಾಯ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಭಾಗ ಮಾಡುವ ಜಾಗ ಇವತ್ತು ರಾತ್ರಿ ಇಲ್ಲವಾದರೆ, ಬೇರೆಯವರು ಇದನ್ನು ಎಷ್ಟು ದಿನದಲ್ಲಿ ಮಾಡಿಕೊಡಬಲ್ಲರು? ಪಿ-ವಾಲ್ವ್‌ಗೆ ಆ ಉತ್ತರ, ಮೊದಲ ಪೀಸ್‌ಗೆ ಮೂರೂವರೆ ದಿನ, ಪೂರ್ತಿ ಹರಿವಿಗೆ ಸುಮಾರು ಒಂದು ವಾರ. ಸ್ಟಾಕ್ ಇದ್ದದ್ದು ಎರಡು ಮೂರು ದಿನ. ನಡುವಿನ ನಾಲ್ಕೈದು ದಿನದ ಕಂದಕದಲ್ಲಿ ಟೊಯೊಟಾ ಬಿದ್ದಿತು. ಕಂದಕವನ್ನು ಎರಡು ಕಡೆಯಿಂದ ತುಂಬಬಹುದು: ಸ್ಟಾಕ್ ಹೆಚ್ಚಿಸಿ, ಇಲ್ಲವೇ ಚೇತರಿಕೆಯ ದಿನ ಕಡಿಮೆ ಮಾಡಿ. ಎರಡನೆಯದಕ್ಕೆ ಗೋದಾಮು ಬೇಡ. ಸಾಮಾನ್ಯ ಯಂತ್ರದ ಮೇಲೆ ಆ ಭಾಗವನ್ನು ಮಾಡುವ ಪ್ರೋಸೆಸ್ ಶೀಟ್, ಅಂದರೆ ಹಂತ ಹಂತದ ವಿಧಾನದ ಹಾಳೆ, ಮೊದಲೇ ಬರೆದಿಟ್ಟಿರಬೇಕು. ವರ್ಷಕ್ಕೊಮ್ಮೆ ಬೇರೆ ಕಡೆ ನೂರು ಪೀಸ್ ಮಾಡಿಸಿ ನೋಡಿರಬೇಕು. ಗೇಜ್‌ಗಳ ಒಂದು ಜೊತೆ ಬೇರೆ ಕಟ್ಟಡದಲ್ಲಿ ಇರಬೇಕು. ಐಸಿನ್‌ನಲ್ಲಿ ಇಂಥ ಶೀಟ್ ಇದ್ದಿದ್ದರೆ ಅರವತ್ತೆರಡು ಕಂಪನಿಗಳು ಅರವತ್ತೆರಡು ಸಲ ಅದೇ ತಲೆನೋವು ಅನುಭವಿಸಬೇಕಿರಲಿಲ್ಲ.

ಪೀಣ್ಯದ ಶೆಡ್‌ಗಳಲ್ಲಿ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಡ್ರಾಯಿಂಗ್ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮಷಿನ್‌ಗೆ ತಗುಲಿಕೊಂಡಿರುತ್ತದೆ, ಅದರ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎರಡು ಅಂಕಿ ಇರುತ್ತವೆ. ಅದು ಆಫ್‌ಸೆಟ್ಟೋ (ಟೂಲ್‌ನ ಅಳತೆ ಸರಿದೂಗಿಸುವ ಅಂಕಿ), ಟೂಲ್ ಬದಲಿಸುವ ಮುಂಚಿನ ಪೀಸ್ ಎಣಿಕೆಯೋ, ಬರೆದ ಸೆಟ್ಟರ್‌ಗೆ, ಅಂದರೆ ಮಷಿನ್ ಹೊಂದಿಸುವವನಿಗೆ, ಮಾತ್ರ ಗೊತ್ತು. ಅವನು ಹಬ್ಬಕ್ಕೆಂದು ಊರಿಗೆ ಹೋದರೆ ರಿಜೆಕ್ಷನ್ ಏರುತ್ತದೆ. ಬೆಂಕಿಯೇ ಬೀಳಬೇಕೆಂದಿಲ್ಲ. ಆ ಎರಡು ಅಂಕಿಯನ್ನು ಶೀಟಿಗೆ ಏರಿಸಿ, ಮತ್ತೊಬ್ಬನ ಕೈಯಲ್ಲಿ ಅದೇ ಶೀಟ್ ನೋಡಿ ಮೊದಲ ಪೀಸ್ ತೆಗೆಸುವುದು ಅರ್ಧ ಶಿಫ್ಟಿನ ಕೆಲಸ. ಚೇತರಿಕೆಯ ದಿನ ಕಡಿಮೆಯಾಗುವುದು ಅಲ್ಲಿಂದ.

ಆಮೇಲಿನ ಎರಡು ಪರೀಕ್ಷೆಗಳು

2011ರ ಮಾರ್ಚ್ 11ರ ಭೂಕಂಪದಲ್ಲಿ ಇಬರಾಕಿ ಪ್ರಾಂತ್ಯದ ಹಿತಾಚಿನಾಕಾದಲ್ಲಿರುವ ರೆನೆಸಾಸ್ ಕಂಪನಿಯ ಚಿಪ್ ಕಾರ್ಖಾನೆ ಹಾನಿಗೊಂಡಿತು. ಕಾರಿನ ಮೈಕ್ರೋಕಂಟ್ರೋಲರ್‌ಗಳ, ಅಂದರೆ ಕಾರಿನ ಭಾಗಗಳನ್ನು ನಿಯಂತ್ರಿಸುವ ಚಿಪ್‌ಗಳ, ದೊಡ್ಡ ಮೂಲ ಅದು. ಈ ಸಲವೂ ಗಾಡಿ ಕಂಪನಿಗಳು ಜನರನ್ನು ಕಳಿಸಿದವು, ಹಗಲು ರಾತ್ರಿ ಕೆಲಸ ನಡೆಯಿತು. ಆದರೂ ಅಲ್ಲಿ ಉತ್ಪಾದನೆ ಮತ್ತೆ ಶುರುವಾದದ್ದು ಜೂನ್‌ನಲ್ಲಿ. ವಾಲ್ವ್ ಆಗಿದ್ದರೆ ಹೊಲಿಗೆ ಯಂತ್ರದವರೂ ಮಾಡಿಕೊಡಬಹುದು. ಚಿಪ್ಪನ್ನು ಪಕ್ಕದ ಕಾರ್ಖಾನೆಗೆ ಡ್ರಾಯಿಂಗ್ ಕೊಟ್ಟು ಮಾಡಿಸಲಾಗದು. ಒಂದು ಚಿಪ್ ತಯಾರಾಗಲು ಹಿಡಿಯುವ ಕಾಲವೇ ತಿಂಗಳುಗಳ ಲೆಕ್ಕದ್ದು.

ಇಲ್ಲಿ ಟೊಯೊಟಾ ಬೇರೆ ಉತ್ತರ ಕಂಡುಕೊಂಡಿತು. ತನ್ನ ಪೂರೈಕೆಯ ಸರಪಳಿಯಲ್ಲಿ ಯಾವ ಭಾಗ ಕೆಳಹಂತದ ಯಾವ ಕಾರ್ಖಾನೆಯಿಂದ ಬರುತ್ತದೆ ಎಂಬುದನ್ನು ದಾಖಲಿಸುವ ವ್ಯವಸ್ಥೆ ಕಟ್ಟಿತು. ಚಿಪ್‌ನಂಥ ಭಾಗಗಳಿಗೆ, ಮತ್ತೆ ಸಿಗಲು ಹಿಡಿಯುವ ಕಾಲವನ್ನು ನೋಡಿಕೊಂಡು, ಎರಡರಿಂದ ಆರು ತಿಂಗಳ ಸ್ಟಾಕ್ ಇಟ್ಟುಕೊಳ್ಳಿ ಎಂದು ಪೂರೈಕೆದಾರರಿಗೆ ಹೇಳಿತು. ಸ್ಟಾಕ್ ಇಲ್ಲದೆ ಕೆಲಸ ಮಾಡುವುದನ್ನು ಜಗತ್ತಿಗೆ ಕಲಿಸಿದ ಕಂಪನಿ ಹೀಗೆ ಹೇಳಿದ್ದು ಹಲವರಿಗೆ ವಿಚಿತ್ರವಾಗಿ ಕಂಡಿತು. ಚೇತರಿಕೆಯ ಕಾಲ ಎಷ್ಟೋ ಅಷ್ಟಕ್ಕೆ ತಕ್ಕ ಸ್ಟಾಕ್ ಎಂಬ ಲೆಕ್ಕದಲ್ಲಿ ನೋಡಿದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. 2021ರ ಮೊದಲ ತಿಂಗಳುಗಳಲ್ಲಿ ಚಿಪ್ ಕೊರತೆಯಿಂದ ಬೇರೆ ಕಂಪನಿಗಳ ಲೈನುಗಳು ನಿಲ್ಲುತ್ತಿದ್ದಾಗ ಟೊಯೊಟಾ ಹೆಚ್ಚಿನ ತೊಂದರೆಯಿಲ್ಲದೆ ನಡೆಯಿತು. ಕೊರತೆ ಉದ್ದಕ್ಕೆ ಎಳೆದುಕೊಂಡು ಹೋದಾಗ, ಆ ವರ್ಷದ ಸೆಪ್ಟೆಂಬರ್‌ನಲ್ಲಿ, ಅದೂ ಉತ್ಪಾದನೆ ಕಡಿತ ಮಾಡಬೇಕಾಯಿತು. ಆರು ತಿಂಗಳಿಗೆಂದು ಇಟ್ಟ ಸ್ಟಾಕ್ ಅದಕ್ಕೂ ಉದ್ದದ ಬರಗಾಲವನ್ನು ದಾಟಿಸಲಾರದು.

2022ರ ಮಾರ್ಚ್ 1ರಂದು ಇನ್ನೊಂದು ಬಂತು. ಪ್ಲಾಸ್ಟಿಕ್ ಭಾಗಗಳನ್ನು ಕೊಡುವ ಕೊಜಿಮಾ ಇಂಡಸ್ಟ್ರೀಸ್ ಎಂಬ ಪೂರೈಕೆದಾರ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆದು ಟೊಯೊಟಾದ ಜಪಾನಿನ 14 ಕಾರ್ಖಾನೆಗಳ 28 ಲೈನುಗಳೂ ಒಂದು ದಿನ ನಿಂತವು. ಸುಮಾರು 13,000 ಗಾಡಿಗಳ ಉತ್ಪಾದನೆ ತಪ್ಪಿತು. ಅಲ್ಲಿ ಯಂತ್ರ ಸುಟ್ಟಿರಲಿಲ್ಲ. ಯಾವ ಭಾಗ, ಎಷ್ಟು, ಯಾವ ಲೈನಿಗೆ ಎಂದು ಹೇಳುವ ಆರ್ಡರ್‌ಗಳ ಹರಿವೇ ನಿಂತಿತ್ತು. 1997ರಲ್ಲಿ ಫೋನ್ ಹಿಡಿದು ಕೂತವರ ಮುಂದೆ ಕನಿಷ್ಠ ಒಂದು ಡ್ರಾಯಿಂಗ್ ಇತ್ತು, ಎಷ್ಟು ಬೇಕು ಎಂಬ ಲೆಕ್ಕವಿತ್ತು. ಕೊಜಿಮಾದ ವಿಷಯದಲ್ಲಿ ಬದಲಿ ಜಾಲ ಎಬ್ಬಿಸಿ ಮಾರನೆಯ ದಿನವೇ ಲೈನುಗಳನ್ನು ಓಡಿಸಿದರು. ಕಾನ್‌ಬಾನ್ ಚೀಟಿ ಕಾಗದದ್ದಾಗಿದ್ದ ಕಾಲದಲ್ಲಿ ಈ ಬಗೆಯ ನಿಲುಗಡೆ ಬರುವಂತೆಯೇ ಇರಲಿಲ್ಲ. ಈಗ ಲೈನ್ ಲೇಔಟ್ ಬರೆಯುವವರ ಪಟ್ಟಿಯಲ್ಲಿ ಯಂತ್ರ, ಮಾಲು, ಜನರ ಸಾಲಿಗೆ ಆರ್ಡರ್ ಓಡುವ ಸರ್ವರ್ ಕೂಡ ಸೇರಿದೆ, ಅದಕ್ಕೂ ಅದೇ ಪ್ರಶ್ನೆ: ಇವತ್ತು ರಾತ್ರಿ ಇಲ್ಲವಾದರೆ ಎಷ್ಟು ದಿನ?